ಎಲ್ಲರ ಅಂಗೈಗೂ ಒಂದು ಚೂರು ಏರೋಜೆಲ್

ಫಿಚ್‌ಬರ್ಗ್, ಮ್ಯಾಸಚೂಸೆಟ್ಸ್
ಏಪ್ರಿಲ್ ೧೪, ಭಾನುವಾರ

ಮುದ್ದಿನ ಮಗಳು ಸೊಲಾಂಜ್‌ಗೆ,

ಹೇಗಿದ್ದೀಯೇ? ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್‌ನ ಆ ಚಳಿಗೆ ನಿನ್ನ ಕೆಮ್ಮು ಮರುಕಳಿಸಿಲ್ಲ ತಾನೇ? ನಾನು ಹೆಣೆದುಕೊಟ್ಟ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊ. ಚೆಂದ ಕಾಣುವುದಿಲ್ಲವೆಂದು ಪೆಟ್ಟಿಗೆಯಲ್ಲಿ ಮಡಚಿಡಬೇಡ, ಅಲ್ಲಿ ನಿನ್ನನ್ನು ನೋಡುವುದು ಹಿಮಕರಡಿಗಳು ಮಾತ್ರ. ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ಮೆಟ್ಟಿಲು ಕಂಡಾಗಷ್ಟೇ ಮೊಣಕಾಲು ಮುನಿಸಿಕೊಳ್ಳುತ್ತದೆ.

ನಿನ್ನ ಹೋದ ಕಾಗದ ಓದಿ ಬಹಳ ಸಿಟ್ಟು ಬಂದಿತ್ತು, ಹೇಳಿಯೇಬಿಡುತ್ತೇನೆ. ಊರವರಿಗೆಲ್ಲ ಆ ಗಾಳಿಯಷ್ಟು ಹಗುರದ ಏರೋಜೆಲ್ ಮಾಡಲು ಕಲಿಸುತ್ತೇನೆಂದು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂಟ ಕಟ್ಟಿದವಳು ನೀನು. ದೊಡ್ಡ ಪ್ರಯೋಗಶಾಲೆಗಳೇ ಏಕೆ ಬೇಕು, ಅಡುಗೆ ಬಲ್ಲವರೆಲ್ಲ ಇದನ್ನು ಮಾಡಬಹುದು ಎಂದು ಮನೆಮನೆಗೆ ಹೇಳಿಕೊಂಡು ಬಂದವಳೂ ನೀನೇ. ಈಗ "ನಾನಿಲ್ದೆ ಅದು ನಡೆಯಲ್ಲಮ್ಮಾ, ಕೂಟ ಮುಚ್ಚಿಬಿಡಿ. ಒಣಗಿಸೋ ಯಂತ್ರ ಕೊಳ್ಳೋಕೆ ಪ್ರಾವಿಡೆನ್ಸ್‌ನಿಂದ ಒಬ್ರು ಬರ್ತಾರೆ, ಕೊಟ್ಟುಬಿಡು" ಎಂದರೆ ಹೇಗೆ? ಅವರು ಬರಬೇಕಿದ್ದ ಏಪ್ರಿಲ್ ೬ರ ಶನಿವಾರವೇ ಗ್ರಂಥಾಲಯದಲ್ಲಿ ಬೀನ್ಸ್ ಊಟವಿತ್ತು. ಊರೆಲ್ಲ ಸೇರುವ ಆ ಸಂಜೆ, ನಿನ್ನ ಕೈ ಸೋಕದೆ ತಯಾರಾದ ಏರೋಜೆಲ್ಲನ್ನು ಜನರ ಮುಂದಿಟ್ಟರೆ ಕೂಟ ಉಳಿದೀತು, ಇಲ್ಲದಿದ್ದರೆ ಯಂತ್ರ ಹೋದಂತೆಯೇ. ಟೊಂಕ ಕಟ್ಟಿ ನಿಂತೆ.

ನಾನೂ ನಿನ್ನ ನಾರ್ಮಂಡ್ ಚಿಕ್ಕಪ್ಪನೂ ಸೇರಿ ಜೆಲ್ ಕಟ್ಟಿದೆವು. ವಾರವಿಡೀ ಅದನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಬದಲಿಸಿ ಬದಲಿಸಿ, ಒಳಗಿನ ನೀರನ್ನೆಲ್ಲ ಹೊರಹಾಕಿದೆವು. ಕೊನೆಗೆ ಯಂತ್ರದಲ್ಲಿಟ್ಟು, ಕಾರ್ಬನ್ ಡೈಆಕ್ಸೈಡ್ ತುಂಬಿ, ಕಾಯಿಸಿ ಒತ್ತಡ ಏರಿಸಿದೆವು. ಇನ್ನು ಆ ಅನಿಲವನ್ನು ಇಷ್ಟಿಷ್ಟೇ ಹೊರಬಿಡುವುದೊಂದು ಬಾಕಿ, ಒಮ್ಮೆಲೇ ಬಿಟ್ಟರೆ ಜೆಲ್ ಒಡೆದುಹೋಗುತ್ತದೆ. ನಾನು ಕಾಫಿ ತರಲು ಮೇಲೆ ಹೋದೆ. ನಿನ್ನ ಚಿಕ್ಕಪ್ಪನೋ, ವರ್ಷವರ್ಷವೂ ಮೇಪಲ್ ಪಾಕ ಕಾಯಿಸುತ್ತ ತಲೆ ನರೆತ ಮನುಷ್ಯ. ಪಾಕ ಹದಕ್ಕೆ ಬಂದ ಕ್ಷಣವೇ ಇಳಿಸದಿದ್ದರೆ ಸೀದುಹೋಗುತ್ತದೆ ಎನ್ನುವುದು ಅವನ ರಕ್ತದಲ್ಲೇ ಇದೆ. ಯಂತ್ರದ ಮುಳ್ಳು ನೀನು ಬರೆದ ಗೆರೆ ಮುಟ್ಟಿದ್ದೇ ತಡ, "ಹದ ಬಂತು ಅತ್ತಿಗೇ, ಇಳಿಸ್ಬಿಡ್ತೀನಿ!" ಎಂದು ಕೂಗಿ ತಿರುಪನ್ನು ಪೂರ್ತಿ ತಿರುಗಿಸಿಯೇಬಿಟ್ಟ. ಬುಸ್ಸೆಂದ ಸದ್ದು ನನಗೆ ಮೇಲಿನವರೆಗೂ ಕೇಳಿಸಿತು. ತೆಗೆದು ನೋಡಿದರೆ ಊಟದ ತಟ್ಟೆಯಗಲದ ನಮ್ಮ ಏರೋಜೆಲ್ ಚೂರುಚೂರು. ಹೊಸದಾಗಿ ಮಾಡಲು ಇನ್ನೊಂದು ವಾರ ಬೇಕು, ಊಟವೋ ಮರುದಿನ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ ಕಣೇ. ಪಾಪ, ಅವನ ಮುಖ ನೋಡಿ ಬಯ್ಯಲೂ ಆಗಲಿಲ್ಲ.

ಬೆಳಿಗ್ಗೆ ಮನಸ್ಸು ತಿಳಿಯಾದ ಮೇಲೆ ನೋಡಿದೆ. ಚೂರುಗಳೇನೂ ಕೆಟ್ಟಿರಲಿಲ್ಲ, ಕಪ್ಪು ಬಟ್ಟೆಯ ಮೇಲಿಟ್ಟರೆ ನೀಲಿ ಹೊಗೆ ಹೆಪ್ಪುಗಟ್ಟಿದ ಹಾಗಿದ್ದವು. ನೀನು ಏರೋಜೆಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸುತ್ತಿದ್ದೆ. ಇದ್ದದ್ದೇ ಒಂದಾದರೆ ಇನ್ನೇನು ಮಾಡುವುದು, ಹೇಳು. ನಮ್ಮ ಬಳಿಯೋ ಬುಟ್ಟಿ ತುಂಬ ಇತ್ತು! ಬೀನ್ಸ್ ಬಡಿಸುವ ಮೇಜಿನ ಪಕ್ಕ ನಿಂತು, ಬಂದವರ ಅಂಗೈಗೆಲ್ಲ ಒಂದೊಂದು ಚೂರು ಇಟ್ಟೆ. ಅಬ್ಬಾ, ಆ ಗದ್ದಲ! ಕಣ್ಣು ಮುಚ್ಚಿ ಕೈ ಚಾಚಿದವರೆಲ್ಲ "ಇಟ್ರಾ? ಇನ್ನೂ ಇಟ್ಟಿಲ್ವಾ?" ಎಂದು ಕೇಳುವವರೇ. ಎದುರುಮನೆ ಪೆಲ್ಟಿಯರ್ ಅಮ್ಮ ಮೂಗಿಗೆ ಕರವಸ್ತ್ರ ಹಿಡಿದು, "ನ್ಯಾನೊ ಗೀನೊ ಅಂತ ಬಾಂಬ್ ಮಾಡ್ತಿಲ್ಲ ತಾನೆ ಒಡೆಟ್?" ಎಂದರು. "ನ್ಯಾನೊ ಅಂದ್ರೆ ಇದರೊಳಗಿನ ತೂತುಗಳ ಅಳತೆ ಕಣ್ರೀ, ಕೂದಲಿಗಿಂತ ಸಾವಿರಾರು ಪಾಲು ಸಣ್ಣ. ತೂತಿನ ತುಂಬ ಬರೀ ಗಾಳಿ. ಪುಡಿ ಮಾಡಿ ಮೂಸಬೇಡಿ, ಅಷ್ಟೇ" ಎಂದೆ. ದಪ್ಪ ಚೂರೊಂದರ ಮೇಲೆ ಚಾಕೊಲೇಟ್ ಇಟ್ಟು ಕೆಳಗೆ ಮೇಣದಬತ್ತಿ ಹಿಡಿದೆ. ಚಾಕೊಲೇಟ್ ಕರಗಲೇ ಇಲ್ಲ. ಕರವಸ್ತ್ರ ಅವರ ಜೇಬು ಸೇರಿತು. "ನಮ್ಮನೆ ಅಟ್ಟಕ್ಕೂ ಇದನ್ನ ಹಾಸಿಕೊಡ್ರೇ, ಚಳಿಗಾಲದಲ್ಲಿ ಬಿಸಿಯೆಲ್ಲ ಅಲ್ಲೇ ಸೋರಿಹೋಗತ್ತೆ" ಎಂದು ಬೆನ್ನುಹತ್ತಿದರು. ನಿನ್ನ ಚಿಕ್ಕಪ್ಪ ಮಾತ್ರ ಎದೆಯುಬ್ಬಿಸಿ, "ಹಂಚೋಕಂತಲೇ ಒಡೆದಿದ್ದು!" ಎಂದು ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದ.

ಇಷ್ಟು ವರ್ಷ ನೀನು ಇದರ ಹಿಂದೆ ಏಕೆ ಬಿದ್ದಿದ್ದೆ ಎಂದು ಅವತ್ತು ನನಗೆ ತಿಳಿಯಿತು. ನಿನ್ನ ಬಗ್ಗೆ ತುಂಬ ಹೆಮ್ಮೆಯೆನಿಸಿತು. ನೀನೂ ಇರಬೇಕಿತ್ತು ಎಂದುಕೊಂಡೆ. ಮರುಕ್ಷಣವೇ, ನೀನಿಲ್ಲದೆಯೂ ಆಯಿತಲ್ಲ ಎಂದು ಇನ್ನೂ ಹೆಚ್ಚು ಖುಷಿಯಾಯಿತು. ಕೋಪ ಮಾಡಿಕೊಳ್ಳಬೇಡ.

ಚಿಕ್ಕಪ್ಪ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ಒಡೆಟ್

ತಾ.ಕ.: ಲಕೋಟೆ ಅಂಟಿಸಲು ಹೊರಟವಳಿಗೆ ನೆನಪಾಯಿತು, ಯಂತ್ರ ಕೊಡಲಿಲ್ಲ. ಅದನ್ನು ಕೊಳ್ಳಲು ಪ್ರಾವಿಡೆನ್ಸಿನಿಂದ ಬಂದ ಕಾರ್ಮಡಿ ಎನ್ನುವವರು ಹಗ್ಗ, ಹಲಗೆ ಸಮೇತ ಟ್ರಕ್ ತಂದಿದ್ದರು. ಗದ್ದಲದಲ್ಲಿ ನಾನು ಊಟಕ್ಕೆ ಬಂದವರೆಂದುಕೊಂಡು ಅವರ ಅಂಗೈಗೂ ಒಂದು ಚೂರಿಟ್ಟೆ. ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿ, "ಇದನ್ನ ಮಾಡಿದ್ದು ಯಾರ್ರೀ?" ಎಂದರು. ನಾನು ಮತ್ತು ನನ್ನ ಮೈದುನ ಎಂದೆ. "ಹಾಗಾದ್ರೆ ಯಂತ್ರ ಇಲ್ಲೇ ಇರ್ಲಿ. ನಂಗೂ ಹೇಳ್ಕೊಡ್ತೀರಾ?" ಎಂದರು. ನಿನ್ನೆ ಮೊದಲ ಪಾಠಕ್ಕೆ ಬಂದಿದ್ದರು. ಕಲಿಸಿದ್ದು ನಾನೇ ಕಣೇ!