ಮಲ್ಲಾಜಮ್ಮನ ಗ್ಲಾಸು

10-2-2002, ಭಾನುವಾರ, ಮಧ್ಯಾಹ್ನ 3

ಇವತ್ತು ಜಿನ್. ನಮ್ಮತ್ತೆ ಮಲ್ಲಾಜಮ್ಮ ಮೊದಲು ಮೂಸಿದರು. ಬೆರಳು ಅದ್ದಿ ಮುಂಗೈಗೆ ಉಜ್ಜಿ ಮತ್ತೆ ಮೂಸಿದರು. ಬಾಯಿಗೆ ಹೋಗಿದ್ದು ಆಮೇಲೆ. ನಲವತ್ತು ವರ್ಷ ಹೊಗೆಸೊಪ್ಪು ಗ್ರೇಡ್ ಮಾಡಿದ ಮೂಗು, ಅದಕ್ಕೆ ಅವಸರ ಇಲ್ಲ.

"ಗಾಯಕ್ಕೆ ಅಚ್ಚೋ ಸ್ಪಿರಿಟ್‌ಗೆ ನಿಂಬೆ ಸಿಪ್ಪೆ ಆಕವ್ರೆ. ಲೋ ಗ್ರೇಡು. ಬರ್ಕೊ."

ಬರೆದುಕೊಂಡೆ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ. ಪುಟದ ಕೆಳಗೆ ಯೂರಿಯಾ ಜಾಹೀರಾತು, ಮೇಲೆ ನಮ್ಮ ಜಿನ್.

ಇಲ್ಲಿಯವರೆಗೆ — ಸಾರಾಯಿ ಪ್ಯಾಕೆಟ್: ಸ್ಕ್ರ್ಯಾಪ್, ಅತ್ತೆ ಎರಡನೇ ಗುಟುಕು ಕುಡಿಯದೆ ಗೋಡೆಗೆ ಉಗಿದರು. ರಮ್: ಮೀಡಿಯಂ, ಬಿಸಿನೀರು ಹಾಕಿದರೆ ಸ್ವಲ್ಪ ಮೇಲೆ. ವಿಸ್ಕಿ: ಲೋ. "ಸುಟ್ಟ ಸೌದೆ ವಾಸ್ನೆ. ಬ್ಯಾರನ್ ಒಳ್ಗೆ ಕುಂತ್ಕೊಂಡು ಇನ್ನೊಂದ್ ಬ್ಯಾರನ್ ಯಾಕಮ್ಮ ಕುಡೀಬೇಕು?" ಎಲ್ಲಕ್ಕಿಂತ ಮೇಲಿನ ಬ್ರೈಟ್ ಗ್ರೇಡ್ ಇನ್ನೂ ಯಾವುದಕ್ಕೂ ಸಿಕ್ಕಿಲ್ಲ. ಅತ್ತೆ ಅದನ್ನು ಸುಮ್ಮನೆ ಕೊಡುವವರಲ್ಲ.

ನಾವು ಕೂರುವುದು ಸೌದೆ ಉರಿಸಿ ಹೊಗೆಸೊಪ್ಪು ಒಣಗಿಸುವ ಖಾಲಿ ಬ್ಯಾರನ್‌ನಲ್ಲಿ. ಸೊಪ್ಪು ಬೇಯಿಸುವ ಕಾಲ ಬರುವತನಕ ಇಲ್ಲಿಗೆ ಯಾರೂ ಬರುವುದಿಲ್ಲ. ದಪ್ಪ ಗೋಡೆ, ಒಳಗೆ ತಂಪು. ಭಾನುವಾರ ನನ್ನ ಅಂಗನವಾಡಿಗೂ ರಜ. ತಂದುಕೊಡುವವರು ನಮ್ಮವರು. ಅಂಗಡಿಯಲ್ಲಿ "ಅಮ್ಮನ ಮಂಡಿನೋವಿಗೆ" ಅನ್ನುತ್ತಾರಂತೆ. ಜಿನ್‌ಗೂ ಹಾಗೇ ಅಂದರಂತೆ. ಶಿವಶಂಕರ ಅಂತ ಹೆಸರಿಟ್ಟುಕೊಂಡು ಇಷ್ಟು ಹೆದರುವವರನ್ನು ನಾನು ಕಂಡಿಲ್ಲ.

17-2-2002

ಇವತ್ತು ಏನೂ ಸಿಗಲಿಲ್ಲ. ಬರೀ ಮಾತು.

ಶುರುವಾಗಿದ್ದು ಮೂರು ವರ್ಷದ ಹಿಂದೆ, ನನ್ನ ಬಾಣಂತನದಲ್ಲಿ. ಒಂದು ತಿಂಗಳು ದಿನಾ ಸಂಜೆ ಒಂದು ಮುಚ್ಚಳ ಬ್ರಾಂದಿ, ಮೈ ಬೆಚ್ಚಗಿರಲಿ ಅಂತ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಕೊಡುತ್ತಾರೆ. ತಿಂಗಳು ಮುಗಿದ ದಿನ ಅತ್ತೆ ಬಾಟಲಿ ಎತ್ತಿಟ್ಟರು. ನಾನು ನೋಡುತ್ತಾ ಕೂತಿದ್ದೆ. ಅವರು ನನ್ನ ಮುಖ ನೋಡಿದರು. "ಏನಮ್ಮ, ಇಷ್ಟ ಆಯ್ತಾ?" ಅಂದರು. ಸುಳ್ಳು ಹೇಳಲಿಲ್ಲ.

ಮಗು ಹೆತ್ತ ಹೆಂಗಸಿಗೆ ಅದು ಔಷಧಿ. ಮೂವತ್ತೊಂದನೇ ದಿನ ಅದೇ ಬಾಟಲಿ ಪಾಪ. ಯಾರು ಮಾಡಿದ ಲೆಕ್ಕವೋ!

3-3-2002, ಭಾನುವಾರ

ಕುಶಾಲನಗರದ ಟೀಚರ್ ಒಬ್ಬರು ಮನೆಯಲ್ಲೇ ಮಾಡಿದ ವೀಳ್ಯದೆಲೆ ವೈನ್ ಕೊಟ್ಟರು. ಅತ್ತೆ: "ಊಟ ಆದ್ಮೇಲೆ ಎಲೆಅಡ್ಕೆ ಆಕೋ ಬದ್ಲು ಇದ್ನೇ ಕುಡೀಬೋದು. ಬಾಯಲ್ಲಿರೋ ಅಲ್ಲೂ ಉಳೀತವೆ." ಮೀಡಿಯಂ ಪ್ಲಸ್. ಪ್ಲಸ್ ಕೊಟ್ಟಿದ್ದು ಇದೇ ಮೊದಲು.

ಹೋದ ತಿಂಗಳು ಕೋಟೆ ಕಡೆ ನೆಂಟರು ಬಾವಲಿ ಗಡಿ ದಾಟಿ ತಂದಿದ್ದ ತೆಂಗಿನ ಕಳ್ಳನ್ನೂ ಪಟ್ಟಿಗೆ ಸೇರಿಸಬೇಕು. ದಾರಿಯಲ್ಲೇ ಹುಳಿ ಬಂದಿತ್ತು. ಅತ್ತೆ ಅದಕ್ಕೆ ಗ್ರೇಡ್ ಕೊಡಲಿಲ್ಲ. ನೆನೆದ ಸೊಪ್ಪಿಗೆ ಗ್ರೇಡ್ ಹಾಕುವುದು ಅನ್ಯಾಯವಂತೆ.

24-3-2002, ಭಾನುವಾರ, ಸಂಜೆ

ಭಾವನ ಕಣ್ಣಿಗೆ ಬಿದ್ದೆವು.

ನಟರಾಜು ಭಾವ, ನಮ್ಮವರ ಅಣ್ಣ. ಪಕ್ಕದ ಮನೆ, ಗೋಡೆ ಒಂದೇ. ಗೋಣಿಚೀಲ ಹುಡುಕುತ್ತಾ ಬ್ಯಾರನ್‌ಗೆ ಬಂದರು. ನನ್ನ ಕೈಯಲ್ಲಿ ಗ್ಲಾಸು. ನನ್ನ ಹತ್ತಿರ ಅವರು ನೇರವಾಗಿ ಮಾತಾಡುವುದಿಲ್ಲ, ತಮ್ಮನ ಹೆಂಡತಿ ಅಂತ. ನೇರ ಹೋಗಿ ನಮ್ಮವರನ್ನು ಕರೆತಂದು ನನ್ನೆದುರೇ ಅವರಿಗೆ ಬೈದರು.

"ನಿನ್ ಎಂಡ್ರುಗೆ ಯೋಳ್ಲಾ. ಮಕ್ಳಿಗೆ ಅಕ್ಸರ ಯೋಳ್ಕೊಡೋ ಮೇಡಮ್ಮು ಇಲ್ಲಿ ಕುಂತು ಕುಡಿಯೋದಾ? ಊರ್ನೋರು ಏನಂದಾರು?"

ನಮ್ಮವರು ಚಪ್ಪಲಿ ನೋಡಿಕೊಂಡರು. ಅತ್ತೆ ಬಿಡಲಿಲ್ಲ.

"ನೀನ್ ಕಂಪಲಾಪುರದ್ ಬಸ್‌ಸ್ಟ್ಯಾಂಡಲ್ಲಿ ಬಿದ್ದಿದ್ಯಲ್ಲ, ಆಗ ಊರ್ನೋರು ಏನಂದ್ರಲಾ?"

"ಗಂಡಸ್ರ ಮಾತು ಬ್ಯಾರೆ ಕಣವ್ವ. ಅಪ್ಪನೂ ಕುಡೀತಿದ್ದ. ಅಪ್ಪನ್ ರಕ್ತ, ನಾನೇನ್ ಮಾಡ್ಲಿ?"

ಅತ್ತೆ ತಟ್ಟನೆ ಮುಖ ಗೋಡೆಗೆ ತಿರುಗಿಸಿದರು. ಯಾವತ್ತೂ ಜಗಳ ಅರ್ಧಕ್ಕೆ ಬಿಟ್ಟವರಲ್ಲ.

ಭಾವನ ಹೆಂಡತಿ ಸುನಂದಮ್ಮಕ್ಕ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದಿದ್ದರು. ಹಿಡಿದುಕೊಳ್ಳಲಿ. ನಾನು ಯಾರ ಗಂಟನ್ನೂ ಕದ್ದಿಲ್ಲ. ಗ್ಲಾಸಿನಲ್ಲಿ ಉಳಿದಿದ್ದನ್ನು ಅವರೆದುರೇ ಕುಡಿದು ಮುಗಿಸಿದೆ.

14-4-2002, ಭಾನುವಾರ

ಮೂರು ವಾರ ಬ್ಯಾರನ್ ಕಡೆ ಹೋಗಿರಲಿಲ್ಲ. ಇವತ್ತು ಅತ್ತೆಯೇ ಕರೆದರು. ಬರಿಗೈಯಲ್ಲಿ.

ಮಾವ ಹೋಗಿ ಹನ್ನೊಂದು ವರ್ಷ. ಸಣ್ಣಬೀರಯ್ಯ ಅಂದರೆ ಊರಿಗೆಲ್ಲ ಕುಡುಕ ಸಣ್ಣಬೀರಯ್ಯ. ಹಾಗಂತಲೇ ನಾನೂ ಕೇಳಿದ್ದು. ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅವ್ರು ಬ್ರಾಂದಿ ವಾಸ್ನೆಗೇ ವಾಕರಿಸ್ತಿದ್ರು ಕಣಮ್ಮ. ಕುಡೀತಿದ್ದೋಳು ನಾನು. ನಟರಾಜು ಉಟ್ದಾಗ ಬಾಣಂತನಕ್ಕೆ ಕೊಟ್ರು, ಆಮ್ಯಾಕೆ ಬುಡಕ್ಕೆ ಮನ್ಸಾಗ್ನಿಲ್ಲ. ತೌಡಿನ ಮಡ್ಕೇಲಿ ಬಚ್ಚಿಟ್ಟಿದ್ದೆ. ನಮ್ಮತ್ತೆ ಕೈಗೆ ಸಿಕ್ತು. ಬೀದೀಲಿ ನಿಂತ್ಕೊಂಡು ಬಾಯ್ ಬಡ್ಕೊಂಡ್ರು. ಇವ್ರು ಒಲದಿಂದ ಬಂದ್ರು. ಬಾಟ್ಲಿ ನೋಡಿದ್ರು, ನನ್ ಮಕ ನೋಡಿದ್ರು. 'ಅದು ನಂದು ಕಣವ್ವ' ಅಂದ್ಬುಟ್ರು."

ಅವತ್ತಿನಿಂದ ಬಾಟಲಿ ಮಾವನ ಗೂಡಿನಲ್ಲಿ, ಮಾವನ ಹೆಸರಿನಲ್ಲಿ. ಸಂತೆಯಿಂದ ತರುತ್ತಿದ್ದವರೂ ಅವರೇ. ಅತ್ತೆ ಒಂದು ಮುಚ್ಚಳ ಕುಡಿದರೆ ಮಾವ ಏಳು ಗಂಟೆಗೇ ಮುಸುಕು ಹಾಕಿ ಮಲಗುತ್ತಿದ್ದರಂತೆ, ಕುಡಿದವರ ಹಾಗೆ. ಮಕ್ಕಳೂ ನಂಬಿದರು. ಹಾಲಿನ ಡೇರಿಗೆ ಅಧ್ಯಕ್ಷ ಆಗಬೇಕಿತ್ತು, ಕುಡುಕ ಬೇಡ ಅಂತ ಊರವರು ಕೈಬಿಟ್ಟರು. ಆಗಲೂ ಬಾಯಿ ಬಿಡಲಿಲ್ಲ.

"ಅವ್ರಿಗೆ ಬೇಕಾಗಿದ್ದು ಬೆಲ್ಲದ್ ಕಾಫಿ. ದಿನಕ್ಕಾರ್ ಸಲ. ನನ್ ಮಗ ನೋಡಿದ್ರೆ ಮಾರ್ನಮಿ ಅಬ್ಬಕ್ಕೆ ಅನ್ನೊಂದು ವರ್ಸದಿಂದ ಅಪ್ಪನ್ ಎಡೇಲಿ ಬ್ರಾಂದಿ ಮಡಗ್ತಾವ್ನೆ. ಪಾಪ, ಮನ್ಸ ಬಂದ್ ಬಂದು ಮೂಗ್ ಮುಚ್ಕೊಂಡು ಓಗ್ತಿರ್ಬೇಕು."

ನಗು ಬಂತು. ಇಬ್ಬರೂ ನಕ್ಕೆವು. ಆಮೇಲೆ ಅತ್ತೆ ಅತ್ತರು. ನಾನೂ.

"ನಾನ್ ಸತ್ಮೇಲೆ ನನ್ ಎಡೆಗೆ ನನ್ ಗ್ಲಾಸು ಮಡಗು. ಕದ್ದಲ್ಲ, ಎಲ್ರೆದ್ರುಗೆ. ಅವ್ರಿಗೆ ಕಾಫಿ. ಮಕ್ಳ ಮುಂದೆ ನನ್ ಬಾಯಲ್ಲಿ ಇದು ಬರಾಕಿಲ್ಲ. ನೀನ್ ಯೋಳ್ತೀಯಾ?"

ಹೇಳುತ್ತೇನೆ ಅಂದೆ. ಕೈಮೇಲೆ ಕೈಯಿಟ್ಟು ಅಂದೆ.

12-5-2002, ಭಾನುವಾರ, ಮಧ್ಯಾಹ್ನ 2.30

ಬಿಯರ್! ಅತ್ತೆ ಜನ್ಮದಲ್ಲಿ ಮೊದಲ ಸಲ. ಬಾಟಲಿಗೆ ಒದ್ದೆ ಗೋಣಿ ಸುತ್ತಿ ಬೆಳಗಿನಿಂದ ನೀರಿನ ತೊಟ್ಟಿಯಲ್ಲಿ ಇಟ್ಟಿದ್ದೆ. ನೊರೆ ನೋಡಿ "ಇದೇನಮ್ಮ, ಸೋಪಾಕವ್ರಾ?" ಅಂದರು. ಮೂಸಿದರು. ಕುಡಿದರು. ಕಣ್ಣು ಮುಚ್ಚಿಕೊಂಡರು. ಮತ್ತೆ ಕುಡಿದರು. ತೇಗಿದರು.

"ಕಯ್ಯಿ ಐತೆ, ಆದ್ರೆ ಗಂಟಲು ಸುಡಾಕಿಲ್ಲ. ಔಸ್ದಿ ಅಲ್ಲ ಇದು. ಬಾಯಾರ್ದಾಗ ಕುಡಿಯೋದು."

ಬ್ರೈಟಾ ಅತ್ತೆ?

"ಮೀಡಿಯಂ ಪ್ಲಸ್. ತಣ್ಣಗಿಲ್ಲ. ಐಸಾಕಿದ್ರೆ ಬ್ರೈಟ್ ಆದ್ರೂ ಆಗ್ಬೋದು."

ಮುಂದಿನ ಭಾನುವಾರ ಪಿರಿಯಾಪಟ್ಟಣದ ಮೀನಂಗಡಿಯಿಂದ ಐಸ್ ತರಿಸಬೇಕು. ನಮ್ಮವರು ಒಪ್ಪಿದರು. ಮೀನಂಗಡಿಯಲ್ಲಿ ಮಂಡಿನೋವು ಅಂತ ಹೇಳಬೇಡಿ ಅಂದೆ.

3-6-2002

ಅತ್ತೆ ಇಲ್ಲ. ಶನಿವಾರ ಬೆಳಗ್ಗೆ. ಎರಡು ವಾರ ಜ್ವರ, ಆಮೇಲೆ ಉಸಿರು. ಐಸ್ ತರಲೇ ಇಲ್ಲ.

5-6-2002

ನಿನ್ನೆ ಹಾಲು ತುಪ್ಪ. ಸಮಾಧಿಯ ಗುಡ್ಡೆಯ ಮೇಲೆ ಅವರಿಗೆ ಇಷ್ಟವಾದದ್ದು ಇಡಿ ಅಂದರು. ಸುನಂದಮ್ಮಕ್ಕ ಕಜ್ಜಾಯ ಇಟ್ಟರು. ನಾನು ಎಲೆಅಡಿಕೆ ಇಟ್ಟೆ. ಅಷ್ಟೇ. ನೂರು ಜನ ಇದ್ದರು, ಬಾಯಿ ಬರಲಿಲ್ಲ. ಮೂರು ವರ್ಷ ಎದುರಿಗೆ ಕೂತು ಕುಡಿದವಳು, ಅವರ ತಲೆದೆಸೆಯಲ್ಲಿ ಎಲೆಅಡಿಕೆ ಇಟ್ಟು ಬಂದೆ. ಹೇಡಿ.

22-9-2002, ಭಾನುವಾರ

ಡೈರಿ ಮುಟ್ಟಿರಲಿಲ್ಲ. ಬ್ಯಾರನ್‌ನಲ್ಲಿ ಈಗ ಸೊಪ್ಪು ಬೇಯುತ್ತಿದೆ. ಗ್ರೇಡ್ ಮಾಡಲು ಕೂತರೆ ಪಕ್ಕದ ಜಾಗ ಖಾಲಿ.

ಸತ್ತ ಹಿರಿಯರಿಗೆ ಎಡೆ ಇಡುವ ಮಾರ್ನಮಿ ಅಮಾವಾಸ್ಯೆ ಬರುವ ತಿಂಗಳು 6ನೇ ತಾರೀಕು. ಅತ್ತೆಗೆ ಮೊದಲ ಎಡೆ. ಅಣ್ಣತಮ್ಮಂದಿರು ಕೂತು ಮಾತಾಡಿದರು — ಅಪ್ಪನಿಗೆ ಪಂಚೆ, ಬೀಡಿ, ಬ್ರಾಂದಿ. ಅವ್ವನಿಗೆ ಸೀರೆ, ಎಲೆಅಡಿಕೆ. ಒಳಗಿನಿಂದ ನಾನು ಅಂದೆ, "ಅತ್ತೆಗೆ ಬಿಯರ್."

ಭಾವ ನಮ್ಮವರ ಕಡೆ ತಿರುಗಿದರು. "ನಿನ್ ಎಂಡ್ರುಗೆ ಯೋಳು. ಎಂಗಸ್ರ ಎಡೆಗೆ ಯಾರೂ ಅದ್ನ ಮಡಗಿಲ್ಲ, ಮಡಗಾದೂ ಇಲ್ಲ. ನಮ್ಮವ್ವುನ್ ಮಾನ ಕಳೀಬ್ಯಾಡಿ."

ಮಾನವಂತೆ! ಗಂಡನ ಮಾನದಲ್ಲಿ ಮೂವತ್ತು ವರ್ಷ ಬಚ್ಚಿಟ್ಟುಕೊಂಡ ಹೆಂಗಸು, ಸತ್ತ ಮೇಲೂ ಬಚ್ಚಿಟ್ಟುಕೊಂಡೇ ಇರಬೇಕಾ? ಇಡುತ್ತೇನೆ. ಬಂದು ತಡೆಯಲಿ.

5-10-2002, ಶನಿವಾರ

ನಮ್ಮವರಿಗೆ ಎಲ್ಲ ಹೇಳಿದೆ. ತೌಡಿನ ಮಡಕೆಯಿಂದ ಡೇರಿವರೆಗೆ.

"ಅಪ್ಪ ಬೇಗ ಮನಗ್ತಿತ್ತು..." ಅಂದರು. ಆಮೇಲೆ, "ಅಣ್ಣ ನಂಬಾಕಿಲ್ಲ ಪವಿತ್ರಾ. ಬುಟ್ಬುಡು."

ಬಿಡುವುದಿಲ್ಲ ಅಂದೆ. ಅಂಗಿ ಹಾಕಿಕೊಂಡು ಹೊರಗೆ ಹೋದರು. ಕೋಪವೋ ಏನೋ ಗೊತ್ತಿಲ್ಲ.

6-10-2002, ಭಾನುವಾರ, ಸಂಜೆ 6

ಮರೆಯುವ ಮೊದಲು ಬರೆಯಬೇಕು.

ಮಧ್ಯಾಹ್ನ ನಡುಮನೆಯಲ್ಲಿ ಎಡೆ. ಬಾಳೆಲೆ, ಮುದ್ದೆ, ಮಾಂಸ, ಕಜ್ಜಾಯ. ಮಾವನ ಎಲೆಯ ಪಕ್ಕ ಭಾವ ಬ್ರಾಂದಿ ಇಟ್ಟರು. ನಮ್ಮವರು ಹಿತ್ತಲಿನಿಂದ ಬಂದರು, ಕೈಯಲ್ಲಿ ಬಕೆಟ್, ಮೇಲೆ ಮರದ ಹೊಟ್ಟು. ಹೊಟ್ಟಿನೊಳಗೆ ಐಸು, ಐಸಿನೊಳಗೆ ಬಾಟಲಿ. ನಿನ್ನೆ ಹೋಗಿದ್ದು ಮೀನಂಗಡಿಗೆ ಹೇಳಿಬರಲಿಕ್ಕೆ, ಇವತ್ತು ಬೆಳಗ್ಗೆ ಐದರ ಬಸ್ಸಿಗೆ ಹೋಗಿ ತಂದಿದ್ದರು. ನನ್ನ ಕಡೆ ನೋಡಲಿಲ್ಲ. ಈ ಮನುಷ್ಯನ ಮೇಲೆ ಇಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ.

ಗ್ಲಾಸಿಗೆ ಐಸಿನ ಚೂರು ಹಾಕಿ ಬಿಯರ್ ಸುರಿದೆ. ನೊರೆ ಬಂತು. ಅತ್ತೆಯ ಎಲೆಯ ಬಲಕ್ಕೆ ಇಟ್ಟೆ. ಬ್ರಾಂದಿ ಎತ್ತಿ ಬದಿಗಿಟ್ಟು, ಮಾವನ ಎಲೆಗೆ ಬೆಲ್ಲದ ಕಾಫಿ ಇಟ್ಟೆ, ಲೋಟದ ತುಂಬ.

"ಅಪ್ಪನ್ ಬಾಟ್ಲಿ ಮುಟ್ಟಬ್ಯಾಡ ಅಂತ ಯೋಳ್ಲಾ ಅವಳ್ಗೆ!" ಭಾವ ಕೂಗಿದರು.

"ಅವರಿಗೆ ಯಾಕೆ ಹೇಳ್ತೀರಿ ಭಾವ, ನನಗೇ ಹೇಳಿ. ಮಾವ ಒಂದು ಹನಿ ಕುಡಿದವರಲ್ಲ. ಕುಡೀತಿದ್ದಿದ್ದು ಅತ್ತೆ. ಅವರನ್ನ ಉಳಿಸೋಕೆ ಮಾವ ಹೆಸರು ಕೆಡಿಸಿಕೊಂಡರು. ಅತ್ತೆ ನನ್ನ ಕೈಯಲ್ಲಿ ಮಾತು ತಗೊಂಡಿದ್ದಾರೆ."

"ಸತ್ತೋರ್ ಮ್ಯಾಲೆ ಸುಳ್ಳಾ?"

ಆಗ ಒಲೆಯ ಹತ್ತಿರದಿಂದ ಸುನಂದಮ್ಮಕ್ಕ ಎದ್ದರು.

"ಸುಳ್ಳಲ್ಲ ಕಣ್ರೀ. ನಾನ್ ಈ ಮನೆಗ್ ಬಂದಾಗ ಮಾವ ಇದ್ರು. ಒಂದಿನ ನಾನ್ ಕೈತಪ್ಪಿ ಅವ್ರ್ ಪಂಚೆ ಮ್ಯಾಲೆ ಬ್ರಾಂದಿ ಚೆಲ್ದೆ. ಓಡೋಗಿ ವಾಂತಿ ಮಾಡ್ಕೊಂಡ್ರು. ಕುಡಿಯೋರು ಆ ವಾಸ್ನೆಗೆ ವಾಂತಿ ಮಾಡ್ತಾರಾ? ನಂಗ್ ಆವತ್ತೇ ಗೊತ್ತಾಯ್ತು. ಇಪ್ಪತ್ತ್ ವರ್ಸ ಬಾಯ್ ಮುಚ್ಕೊಂಡಿವ್ನಿ."

ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಪದ್ಧತಿಯಂತೆ ಕದ ಮುಚ್ಚಿ ಎಲ್ಲರೂ ಹೊರಗೆ ಬಂದೆವು. ಭಾವ ಒಬ್ಬರೇ ಜಗುಲಿಯ ತುದಿಯಲ್ಲಿ ಕೂತರು. ಹತ್ತು ನಿಮಿಷಕ್ಕೆ ಕದ ತೆಗೆಯಬೇಕು, ತೆಗೆಯಬೇಕಾದವರು ಅವರೇ. ಅರ್ಧ ಗಂಟೆಯಾದರೂ ಏಳಲಿಲ್ಲ. ನಾನು ಐಸು ನೆನೆಸಿಕೊಂಡು ಒಳಗೇ ಬೈದುಕೊಂಡೆ.

ಕೊನೆಗೆ ಎದ್ದರು. ಕದ ತೆಗೆದರು. ಎಡೆಯ ಮುಂದೆ ನಿಂತರು. ಗಂಡಸಿನ ಎಡೆಯದು ಗಂಡುಮಕ್ಕಳಿಗೆ, ಹೆಂಗಸಿನ ಎಡೆಯದು ಸೊಸೆಯರಿಗೆ, ಇದು ಮನೆಯ ಪದ್ಧತಿ. ಹನ್ನೊಂದು ವರ್ಷ ಬ್ರಾಂದಿ ಪ್ರಸಾದ ಕುಡಿದವರು ಅವರೇ. ಇವತ್ತು ಬಗ್ಗಿ ಕಾಫಿ ಲೋಟ ಎತ್ತಿಕೊಂಡರು. ತಣ್ಣಗಾಗಿ ಕೆನೆ ಕಟ್ಟಿತ್ತು. ನಿಂತೇ ಕುಡಿದರು, ಪೂರ್ತಿ. ಲೋಟ ಕೆಳಗಿಡುವಾಗ ಗಲ್ಲ ಒದ್ದೆ.

"ನನ್ ರಕ್ತದಲ್ಲಿ ಅಪ್ಪುಂದು ಏನೂ ಇಲ್ವಾ ಅಂಗಾರೆ..." ಅಂದರು. ಯಾರಿಗೂ ಅಲ್ಲ.

ಆಮೇಲೆ ಅತ್ತೆಯ ಗ್ಲಾಸು ಎತ್ತಿ ನನ್ನ ಮುಂದೆ ಹಿಡಿದರು. ಈ ಮನೆಗೆ ಬಂದ ಏಳು ವರ್ಷಕ್ಕೆ ಮೊದಲ ಸಲ ನನ್ನ ಹತ್ತಿರ ನೇರವಾಗಿ ಮಾತಾಡಿದರು.

"ತಗೊಳಮ್ಮ. ನಿಮ್ಮತ್ತೇದು."

ಎಲ್ಲರೂ ನೋಡುತ್ತಿದ್ದರು. ಮೂಸಿದೆ. ಬೆರಳು ಅದ್ದಿ ಮುಂಗೈಗೆ ಉಜ್ಜಿ ಮತ್ತೆ ಮೂಸಿದೆ. ಕುಡಿದೆ. ಐಸು ಕರಗಿ ನೀರಾಗಿತ್ತು, ನೊರೆಯೂ ಇಳಿದಿತ್ತು. ಏನಾದರಾಗಲಿ, ಅತ್ತೆಯ ಮುಂದೆ ಸುಳ್ಳು ಗ್ರೇಡ್ ಹೇಳುವವಳಲ್ಲ ನಾನು.

"ಮೀಡಿಯಂ" ಅಂದೆ ಗಟ್ಟಿಯಾಗಿ.

ಸುನಂದಮ್ಮಕ್ಕ ಮೂಗಿನಿಂದ ಸೆರಗು ತೆಗೆದು ಕೈ ಚಾಚಿದರು. "ಕೊಡಿಲ್ಲಿ. ನಾನೂ ಈ ಮನೆ ಸೊಸೇನೆ." ಒಂದು ಗುಟುಕು. ಕಣ್ಣು ಮುಚ್ಚಿಕೊಂಡರು. ಅತ್ತೆ ಮುಚ್ಚುತ್ತಿದ್ದ ಹಾಗೇ. ನಾನು ಓಡಿಹೋಗಿ ಈ ಡೈರಿ ತಂದೆ, ಪೆನ್ನು ತೆಗೆದೆ.

"ಬರ್ಕೊ" ಅಂದರು. "ಇದು ಬ್ರೈಟು."