ಕಲೆಕ್ಟರನ ಮೂಲೆ

೬ ಫೆಬ್ರವರಿ ೧೯೬೧, ಸೋಮವಾರ

ಮತ್ತೆ ಅದೇ ಮೂಲೆ. ಬೆಳಿಗ್ಗೆ ದೇವರ ದೀಪ ಹಚ್ಚುವುದಕ್ಕೂ ಮೊದಲು ನೆಲ ಮೂಸುವುದು ನನ್ನ ನಿತ್ಯಕರ್ಮವಾಗಿದೆ. ಹೆಸರು ಪರಿಮಳಾ. ಅಪ್ಪ ಹೆಸರಿಡುವಾಗ ಶಿರಸಿಯ ಈ ಬಾಡಿಗೆ ಮನೆ ನೋಡಿರಲಿಲ್ಲ.

ಬೆಕ್ಕು ಗೌರತ್ತೆಯವರದು. ಗೌರತ್ತೆ ಅಂದರೆ ಇವರ ಅಪ್ಪನ ಅಕ್ಕ. ಕಾಲಿನ ಹುಣ್ಣಿಗೆ ದಿನವೂ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಬೇಕೆಂದು ತಿಂಗಳ ಹಿಂದೆ ತಮ್ಮೂರು ದೊಡ್ಮನೆಯಿಂದ ಬಂದರು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಬುಟ್ಟಿ. ಬುಟ್ಟಿಯೊಳಗೆ ಕಲೆಕ್ಟರ. ಮನೆಮನೆಗೆ ಹೋಗಿ ಹಾಲಿನ ಕಂದಾಯ ವಸೂಲು ಮಾಡುತ್ತಾನೆಂದು ಊರವರು ಇಟ್ಟ ಹೆಸರಂತೆ. ಇಲ್ಲಿಗೆ ಬಂದ ಮೇಲೆ ಸಾಹೇಬರು ಸರ್ವೆ ಕೆಲಸ ಹಿಡಿದಿದ್ದಾರೆ — ಗಡಿ ಗುರುತಿಸುವುದು.

ಗಡಿ ಎಂದರೆ ಹಲಗೆ ಗೋಡೆಯ ಬುಡ. ಈಚೆ ಗೌರತ್ತೆ ಕುಳಿತು ಉಣ್ಣುವ ಜಾಗ. ಆಚೆ ಮನೆಯೊಡತಿ ಗುರುಶಾಂತವ್ವನ ಪಡಸಾಲೆ. ಹಲಗೆಗೆ ಸಂದಿ. ವಾಸನೆ ಬಾಡಿಗೆ ಕೊಡದೆ ಎರಡೂ ಕಡೆ ವಾಸ.

ಅದೇ ದಿನ, ಸಂಜೆ ೫

ಗುರುಶಾಂತವ್ವ ಬಂದಿದ್ದರು. ಬನವಾಸಿ ಕಡೆಯವರು, ಮೆಣಸಿನಕಾಯಿ ವ್ಯಾಪಾರದ ಮನೆತನ. ಮಾತನ್ನೂ ಮೂಟೆ ಇಳಿಸಿದಂತೆ ಇಳಿಸುತ್ತಾರೆ. ಇಪ್ಪತ್ತಾರಕ್ಕೆ ಮಗಳನ್ನು ನೋಡಲು ಹಾವೇರಿಯಿಂದ ಗಂಡಿನವರು ಬರುತ್ತಾರಂತೆ. ಕೂರಿಸುವುದು ಅದೇ ಪಡಸಾಲೆಯಲ್ಲಿ.

“ಅಷ್ಟರೊಳಗ ವಾಸನಿ ಹೋಗಬೇಕ್ರಿ. ವಾಸನಿ ಹೋಗಲಿಲ್ಲಂದ್ರ ಬೆಕ್ಕು ಹೋಗಬೇಕು.”

ಗೌರತ್ತೆ ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಲಿಲ್ಲ. ಗುರುಶಾಂತವ್ವ ಹೋದ ಮೇಲೆ ಅಂದರು, “ಬೆಕ್ಕು ಹೋದ್ರೆ ಆನೂ ಹೋಗ್ತೆ.”

ಡಾಕ್ಟರು ಹೇಳಿದ್ದು ನನಗೂ ಇವರಿಗೂ ಮಾತ್ರ ಗೊತ್ತು. ಪಟ್ಟಿ ಈಗ ನಿಂತರೆ ಕಾಲು ಉಳಿಯುವುದು ಕಷ್ಟ. ದೊಡ್ಮನೆಯಲ್ಲಿ ಪಟ್ಟಿ ಕಟ್ಟುವವರು ಯಾರು?

ಕುಳಿತರೆ ಮೂಗು ಕೂರುವುದಿಲ್ಲ. ಎದ್ದು ಮತ್ತೆ ಮೂಸಿದೆ.

೯, ಗುರುವಾರ

ಅನಾಹುತ.

ಇವರು ಪೇಟೆಯಿಂದ ಫಿನಾಯಿಲ್ ತಂದರು. ನಾನು ಬಾವಿಕಟ್ಟೆಯಲ್ಲಿದ್ದಾಗ ಸುರಿದೂ ಆಗಿತ್ತು. ಕಲೆಕ್ಟರ ಒದ್ದೆ ನೆಲದ ಮೇಲೆ ದರ್ಬಾರಿನ ನಡಿಗೆಯಲ್ಲಿ ಹಾದು, ಒಲೆಯ ಹತ್ತಿರ ಕುಳಿತು ನಾಲ್ಕೂ ಪಾದ ಚೊಕ್ಕಟವಾಗಿ ನೆಕ್ಕಿದ. ಮಧ್ಯಾಹ್ನಕ್ಕೆ ಬಾಯಲ್ಲಿ ಜೊಲ್ಲು. ಹಿಂಗಾಲು ಎಳೆಯತೊಡಗಿದ.

ದನದ ದವಾಖಾನೆಗೆ ಓಡಿದೆ. ಡಾಕ್ಟರು ಕ್ಯಾಂಪಿಗೆ ಹೋಗಿದ್ದರು, ಇದ್ದದ್ದು ಕಂಪೌಂಡರ್ ಅಂದಾನಪ್ಪ. ಮೊದಲು ಸಾಬೂನು ನೀರಿನಲ್ಲಿ ಪಾದ ತೊಳೆಯಿರಿ ಎಂದ. ಆಮೇಲೆ ಪಾಠ:

“ಬೆಕ್ಕಂದ್ರ ತನ್ನ ಕಾಲು ತಾನ ನೆಕ್ಕೋ ಪ್ರಾಣಿರಿ, ಬಾಯಾರ. ನೀವು ನೆಲಕ್ಕ ಹಾಕಿದ್ದು ಅದರ ಹೊಟ್ಟಿಗೆ ಹೋಗತೈತಿ.”

ಫಿನಾಯಿಲ್, ಡಾಂಬರು ಗುಳಿಗೆ, ಕರ್ಪೂರ — ಮೂರನ್ನೂ ಆ ಮೂಲೆಯ ಹತ್ತಿರ ತರಬೇಡಿ ಎಂದ.

ಗೌರತ್ತೆ ಬೆಕ್ಕನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಾರೆ. ಮಡಿಯವರು ಸ್ನಾನವಾದ ಮೇಲೆ ಬೆಕ್ಕು ಮುಟ್ಟಿದ್ದನ್ನು ಇದೇ ಮೊದಲು ನೋಡಿದ್ದು. ಇವತ್ತು ಪಟ್ಟಿಗೂ ಹೋಗಲಿಲ್ಲ. ಇವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, ಬೆಕ್ಕಿಗೆ ಆಗದು ಎಂದು ಇದರಲ್ಲೆಲ್ಲೂ ಬರೆದಿಲ್ಲವಲ್ಲ ಎಂದರು. ಬೆಕ್ಕಿಗೆ ಓದು ಬರದು ಎಂದೆ. ನಗಲಿಲ್ಲ. ನನಗೂ ನಗು ಬಂದಿರಲಿಲ್ಲ.

೧೧

ಕಲೆಕ್ಟರ ಎದ್ದು ಎರಡು ಗುಟುಕು ಹಾಲು ಕುಡಿದ. ಇಷ್ಟು ಸಾಕು ಇವತ್ತಿಗೆ.

೧೪, ಮಂಗಳವಾರ

ಬಿ.ಎ.ಯಲ್ಲಿ ಕಲೆ ಓದಿದೆ. ಕಲೆ ತೆಗೆಯುವುದು ಸಿಲೆಬಸ್ಸಿನಲ್ಲಿ ಇರಲಿಲ್ಲ.

ಈಗ ನನ್ನದೊಂದೇ ಕಾಯಿದೆ. ಬೆಕ್ಕು ನೆಕ್ಕಿದರೂ ಬದುಕುವಂಥದ್ದು ಮಾತ್ರ ನೆಲಕ್ಕೆ. ನಿಂಬೆ ಹಿಂಡಿದೆ — ಗಾರೆ ನೆಲ ಬುಸ್ ಎಂದಿತು. ವಾಸನೆ ಇದ್ದಲ್ಲೇ, ಜೊತೆಗೊಂದು ಬಿಳಿ ಮಚ್ಚೆ. ಬೂದಿ ಒದ್ದೆಯಾದರೆ ಪಾದ ಸುಟ್ಟೀತು, ಬೇಡ. ಕೊನೆಗೆ ಅಂಟುವಾಳದ ನೊರೆಯಲ್ಲಿ ತಿಕ್ಕಿ, ಮೂರು ನೀರು ಹಾಕಿ ತೊಳೆದು, ಒಣಗಿದ ಮೇಲೆ ಅಡಿಗೆ ಸೋಡಾ ಉದುರಿಸಿ ಗುಡಿಸಿದೆ. ಚಾಪೆ ಬಿಸಿಲಿಗೆ.

ಸಂಜೆ ವಾಸನೆ ಇಲ್ಲ. ಇವರನ್ನು ಬಗ್ಗಿಸಿ ಮೂಸಿಸಿದೆ. ಇಲ್ಲ.

೧೫

ಬೆಳಿಗ್ಗೆ ಇದೆ.

೧೮

ಸಂಜೆ ಇಲ್ಲ, ಬೆಳಿಗ್ಗೆ ಇದೆ. ನಾಲ್ಕು ದಿನದಿಂದ ಇದೇ ಪಾಳಿ. ಅಂಟುವಾಳ ಉಜ್ಜಿ ಉಜ್ಜಿ ಬೆರಳು ಸುಲಿದಿವೆ. ಓದಲು ಕುಳಿತರೆ ಪುಸ್ತಕವೇ ನಾರುತ್ತದೆ. ಅಡಿಗೆಮನೆ, ಮೂಲೆ, ಹಿತ್ತಿಲು, ಮೂಲೆ... ಇನ್ನು ಎಂಟು ದಿನ.

ಗುರುಶಾಂತವ್ವ ಗೋಣಿಚೀಲ ತೊಳೆದು ಒಣಹಾಕಿದ್ದಾರೆ. ಯಾತಕ್ಕೆಂದು ನಾನು ಕೇಳಲಿಲ್ಲ. ಗೌರತ್ತೆ ಮಾತ್ರ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

೨೧, ಮಂಗಳವಾರ, ಬೆಳಿಗ್ಗೆ ೭

ಬಾವಿಯ ಹಗ್ಗ ತುಂಡಾಯಿತು. ಬೇಗ ಹಿಂದಿರುಗಿದೆ. ಬಾಗಿಲಲ್ಲೇ ನಿಂತೆ.

ಹಿತ್ತಿಲ ಕಿಟಕಿಯಲ್ಲಿ ಬಳೆಯ ಕೈ, ಕೈಯಲ್ಲಿ ತಂಬಿಗೆ. ಗುರುಶಾಂತವ್ವ. ಗೌರತ್ತೆ ಕೂತಂತೆಯೇ ಜಾರಿಕೊಂಡು ಹೋಗಿ ತೆಗೆದುಕೊಂಡರು. ಹಲಗೆಯ ಬುಡಕ್ಕೆ ಬಂದು ದರ್ಭೆಯಲ್ಲಿ ಅದ್ದಿ ಚಿಮುಕಿಸಿದರು. ಬಾಯಲ್ಲಿ ಮಂತ್ರ. ತಂಬಿಗೆಯಲ್ಲಿದ್ದದ್ದು ಗುರುಶಾಂತವ್ವನ ಹಸು ಗಂಗೆಯ ಗೋಮೂತ್ರ.

ಬೆಕ್ಕು ಕೆಡಿಸಿದ ಜಾಗದಲ್ಲಿ ಉಣ್ಣಬೇಕಲ್ಲ. ಅದಕ್ಕೆ ದಿನವೂ ಶುದ್ಧಿ.

ತಂಬಿಗೆ ಹೋದ ಮೇಲೆ ಕಲೆಕ್ಟರ ಬಂದ. ಮೂಸಿದ. ತನ್ನ ಜಿಲ್ಲೆಯಲ್ಲಿ ಯಾರೋ ಬೇರೆಯವರು ಸಹಿ ಹಾಕಿದ್ದಾರೆ. ತಿರುಗಿ ನಿಂತು, ಬಾಲ ಎತ್ತಿ, ಮೇಲೆ ತನ್ನ ಸಹಿ ಹಾಕಿದ.

ಹೇಳಲೇಬೇಕು. ಆದರೆ ಹೇಗೆ?

ಮಧ್ಯಾಹ್ನ

ಹೇಳಿದೆ. ಆದಷ್ಟು ಮೆತ್ತಗೆ. ಗೋಮೂತ್ರದ ವಾಸನೆಗೆ ಬೆಕ್ಕು ಮತ್ತೆ ಮತ್ತೆ ಅಲ್ಲೇ ಬರುತ್ತದೆ, ನಿಲ್ಲಿಸಿದರೆ ಅದೂ ನಿಲ್ಲಿಸೀತು ಎಂದೆ.

ಗೌರತ್ತೆ ಕಾಲಿನ ಪಟ್ಟಿಯ ಗಂಟನ್ನೇ ನೋಡುತ್ತಿದ್ದರು.

“ಎಂಗೆ ಗೊತ್ತಿಪ್ಪದು ಇದೊಂದೇ ಕೆಲ್ಸ, ತಂಗಿ. ಹನ್ನೊಂದನೇ ವರ್ಷದಿಂದ ಮಾಡ್ತಾ ಇದ್ದೆ. ಅದೂ ತಪ್ಪು ಹೇಳ್ತ್ಯಾ?”

ಹನ್ನೊಂದನೇ ವರ್ಷಕ್ಕೆ ಅವರ ಗಂಡ ತೀರಿಕೊಂಡಿದ್ದು. ನನ್ನಲ್ಲಿ ತಮಾಷೆ ಉಳಿದಿರಲಿಲ್ಲ.

೨೨

ಬೆಳಿಗ್ಗೆ ಗೌರತ್ತೆ ತಂಬಿಗೆಯನ್ನು ಕಿಟಕಿಯಿಂದಲೇ ವಾಪಸು ಕಳಿಸಿದರು. ಸುಮ್ಮನೆ ಕೈ ಆಡಿಸಿದರು, ಅಷ್ಟೇ. ನಾನು ಮೂಲೆಯನ್ನು ಅಂಟುವಾಳದಲ್ಲಿ ತೊಳೆದೆ.

ಊಟಕ್ಕೆ ಕರೆದರೆ ಬೇಡ ಎಂದರು. ಶುದ್ಧವಾಗದ ಜಾಗದಲ್ಲಿ ಅನ್ನ ಉಣ್ಣಲಾರರು. ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು. ಉಳಿದರ್ಧ ಕಲೆಕ್ಟರನಿಗೆ.

೨೪, ಶುಕ್ರವಾರ

ಎರಡು ದಿನದಿಂದ ಮೂಲೆ ಒಣಗಿದೆ. ವಾಸನೆ ಇಲ್ಲ. ಅನ್ನವೂ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಉಣ್ಣದಿದ್ದರೆ ಹುಣ್ಣು ಮಾಗುವುದಿಲ್ಲ ಎಂದರು. ಬೇರೆ ದಿನವಾದರೆ ಈ ಮಾತನ್ನು ಡೈರಿಯಲ್ಲಿ ಚಪ್ಪರಿಸುತ್ತಿದ್ದೆ. ಬೆಕ್ಕನ್ನು ಉಳಿಸಲು ಹೋಗಿ ನಾನೇ...

ಇವರು ಬೇರೆ ಕೋಣೆಯಲ್ಲಿ ಮಣೆ ಹಾಕು ಎಂದರು. ಹಾಕಿದೆ. ಗೌರತ್ತೆ ಆಗದು ಎಂದರು. ಬೆಕ್ಕು ಮನೆಯೆಲ್ಲ ತಿರುಗುತ್ತದಂತೆ, ಗೊತ್ತಿದ್ದೂ ಯಾವ ಮೂಲೆಯನ್ನು ಶುದ್ಧ ಎನ್ನಲಿ ಎಂದು ಕೇಳಿದರು.

೨೬, ಭಾನುವಾರ

ಗಂಡಿನವರು ಬಂದು ಹೋದರು. ಹಲಗೆಯ ಈಚೆ ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ, ನನ್ನ ಉಸಿರೇ ವಾಸನೆ ಅನ್ನುವ ಹಾಗೆ. ಆಚೆ ಮಂಡಕ್ಕಿ, ಚಹ, ನಗು. ಯಾರೂ ಮೂಗು ಮುಚ್ಚಿದಂತೆ ಕೇಳಿಸಲಿಲ್ಲ.

ಸಂಜೆ ಗುರುಶಾಂತವ್ವ ಫೇಡೆ ತಂದರು. ಒಪ್ಪಿದ್ದಾರಂತೆ. ಬೆಕ್ಕು ಇರಲಿ ಎಂದರು. ಮತ್ತೆ ಸಂಕೋಚದಿಂದ ಗೌರತ್ತೆಯ ಹತ್ತಿರ ಕುಳಿತು, “ಅಮ್ಮಾರ, ನಮ್ಮ ಗಂಗಿ ಮ್ಯಾಲ ಸಿಟ್ಟೇನ್ರಿ? ತಂಬಗಿ ಬ್ಯಾಡ ಅಂದ್ರಿ.”

“ಸಿಟ್ಟಿಲ್ಲೆ,” ಎಂದರು ಗೌರತ್ತೆ. ಫೇಡೆ ಮುಟ್ಟಲಿಲ್ಲ.

ಅನ್ನ ಬಿಟ್ಟು ಐದು ದಿನ. ಪಟ್ಟಿಯೊಳಗಿನ ಕಾಲು ಕೋಲಾಗಿದೆ.

೨೭, ಸೋಮವಾರ, ಮಧ್ಯಾಹ್ನ ೧೨

ಸದ್ದಾಯಿತೆಂದು ಇಣುಕಿದೆ. ಗೌರತ್ತೆ ಗೋಡೆ ಹಿಡಿದು ಮೂಲೆಗೆ ಹೋಗುತ್ತಿದ್ದಾರೆ. ಬಿಸಿನೀರು ತಾ ಎಂದರು. ಅಂಟುವಾಳವನ್ನೂ ಕೇಳಿದರು. ತಾವೇ ಕುಳಿತು ತಿಕ್ಕಿದರು, ನನ್ನನ್ನು ಹತ್ತಿರ ಬಿಡಲಿಲ್ಲ. ಬಾಯಲ್ಲಿ ಅದೇ ಮಂತ್ರ, ಕೈಯಲ್ಲಿ ನೊರೆ. ಒರೆಸಿ, ಮಣೆ ಎಳೆದು ಕುಳಿತರು. ಕಲೆಕ್ಟರ ಒಂದು ಮೊಳ ದೂರದಲ್ಲಿ ಮಲಗಿದ್ದಾನೆ. ಓಡಿಸಲಿಲ್ಲ.

ಅನ್ನ ಒಲೆಯ ಮೇಲಿದೆ, ಇನ್ನೊಂದು ಕುದಿ ಬರಬೇಕು. ಒಲೆಯ ಮುಂದೆ ನಿಲ್ಲಲಾರದೆ ಇಲ್ಲಿ ಗೀಚುತ್ತಿದ್ದೇನೆ.

“ತಂಗಿ, ಎಲೆ ಹಾಕು. ಹಶಿವಾಗ್ತು.”

ಬಂದೆ ಎಂದೆ. ಎಲೆ ಒರೆಸಿ, ತುದಿ ಎಡಕ್ಕೆ ಹಾಕಿ, ಮೊದಲು ಉಪ್ಪು, ಆಮೇಲೆ ಅನ್ನ ಬಡಿಸಬೇಕು. ಕುದಿ ಬಂತು, ಏಳುತ್ತೇನೆ.