ಕೊನೆಯ ಹೊಲದ ನೀರು

ಹುಕ್ಕೇರಿ
೫ ಸೆಪ್ಟೆಂಬರ್ ೨೦೦೯, ಕ್ಷಮಾವಣಿಯ ದಿನ

ಪ್ರೀತಿಯ ಮಗ ಶ್ರೇಣಿಕನಿಗೆ,

ಕೈನಡುಕ ಕಡಿಮೆಯಾಯಿತೇ? ಊಟ ರುಚಿಸುತ್ತಿದೆಯೇ? ಚಟ ಬಿಡಿಸುವ ಆ ವಾರ್ಡಿನಲ್ಲಿ ಫೋನಿಗೆ ಅವಕಾಶವಿಲ್ಲದಿರುವುದು ನನಗೆ ಒಳಗೊಳಗೇ ಹಿತವೆನಿಸಿದೆ. ಪತ್ರದಲ್ಲಿ ನಾನು ನಿನ್ನ ಮಾತನ್ನು ನಡುವೆ ತಿದ್ದಲಾರೆ.

ಧಾರವಾಡದಲ್ಲಿ ನಿನ್ನನ್ನು ಕಂಡು ಬಂದಂದಿನಿಂದ ಡಾಕ್ಟರ ಮಾತು ಮನಸ್ಸಿನಲ್ಲಿ ತೇಲುತ್ತಿದೆ. ಲಾರಿ ಓಡಿಸುವಾಗ ಎಚ್ಚರವಿರಲೆಂದು ನೀನು ನುಂಗುತ್ತಿದ್ದ ಗುಳಿಗೆಗಳು ಮೈಯಲ್ಲಿ ಸಣ್ಣ ಉರಿಯೂತವನ್ನು ಉಳಿಸಿರಬಹುದೆಂದೂ, ಅಂಥ ಉರಿಯೂತ ಹೆಚ್ಚಿದ್ದವರ ಮಿದುಳಿನಲ್ಲಿ ಬಯಸುವ ಭಾಗಕ್ಕೂ ತಡೆಯುವ ಭಾಗಕ್ಕೂ ನಡುವಿನ ಸಂಪರ್ಕ ಸಡಿಲಗೊಂಡಿರುವ ಶಂಕೆಯಿದೆಯೆಂದೂ ಅವರು ತಿಳಿಸಿದರು. ಯಾವುದರಿಂದ ಯಾವುದು ಎಂದು ಕೇಳಿದೆ. “ಅದು ನಮಗೂ ಇನ್ನೂ ಗೊತ್ತಿಲ್ರಿ, ಸರ್” ಎಂದರು. ಗೊತ್ತಿಲ್ಲವೆನ್ನುವ ಧೈರ್ಯ ಮೂವತ್ತಾರು ವರ್ಷಗಳ ಮಾಸ್ತರಿಕೆಯಲ್ಲಿ ನನಗೆ ಬರಲಿಲ್ಲ.

ಅಂದಿನಿಂದ ಕಣ್ಣು ಮುಚ್ಚಿದರೆ ಮೂಡಲಗಿಯ ನಿನ್ನ ಅಜ್ಜನ ಹೊಲ ಕಾಣುತ್ತದೆ. ಕಾಲುವೆಗೆ ನೀರು ಬಿಟ್ಟ ದಿನ ನೀನು ನನ್ನ ಬೆರಳು ಹಿಡಿದು ಬದುವಿನ ಮೇಲೆ ನಡೆಯುತ್ತಿದ್ದೆ. ನೀರು ಒಣ ಎಲೆಗಳನ್ನು ಹೊತ್ತು, ನಿದ್ದೆಗಣ್ಣಿನ ಕೂಸಿನಂತೆ ತಡೆತಡೆದು ಬರುತ್ತಿತ್ತು. ಕಳೆ ತುಂಬಿದ ಕಡೆ ನಿಂತುಬಿಡುತ್ತಿತ್ತು. ನೀರು ಹಾಯಿಸುವ ಸತ್ತೆಪ್ಪ ಸಲಿಕೆಯೂರಿ, “ಅವಸರ ಮಾಡಬ್ಯಾಡ್ರಿ ಮಾಸ್ತರ, ಕೊನೀ ಹೊಲಕ್ಕೂ ಮುಟ್ಟತೈತಿ” ಎನ್ನುತ್ತಿದ್ದ. ನಿನ್ನ ತಲೆಯೊಳಗೆ ಈಗ ಅದೇ ನೀರು ದಾರಿ ಹುಡುಕುತ್ತಿರುವಂತೆ, ನಾನು ಬರಿಗಾಲಲ್ಲಿ ಬದುವಿನ ಮೇಲೆ ಕಾಯುತ್ತಿರುವಂತೆ ಭಾಸವಾಗುತ್ತದೆ.

ಇಂದು ಶಿಕ್ಷಕರ ದಿನವೆಂದು ಶಾಲೆಯವರು ಶಾಲು ಹೊದಿಸಲು ಕರೆದಿದ್ದರು, ಹೋಗಲಿಲ್ಲ. ಬಸದಿಗೆ ಹೋದೆ. ಅಲ್ಲಿ ಎಲ್ಲರೂ ಪರಸ್ಪರ ಕ್ಷಮೆ ಕೇಳುತ್ತಿದ್ದರು, ನಾನೂ ಕೇಳಿದೆ. ಮನೆಗೆ ಬರುವಾಗ ನಿನ್ನ ಅವ್ವ, “ಊರ ಮಂದಿಗೆಲ್ಲಾ ಕೈ ಮುಗದ್ರಿ. ನೀವು ಕ್ಷಮಾ ಕೇಳಬೇಕಾದಾಂವ ಧಾರವಾಡದಾಗ ಅದಾನ” ಎಂದಳು. ಮನೆಗೆ ಬಂದವನೇ ಈ ಪತ್ರ ಬರೆಯಲು ಕುಳಿತೆ.

ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಅವಳು ಒಳಗಿನಿಂದ ಕರೆಯುತ್ತಿದ್ದಾಳೆ. ನಿನಗೆ ಗಾಢವಾದ ನಿದ್ದೆ ಬರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ತಿಳಿಯದು.

ಇತಿ,
ನಿನ್ನ ತಂದೆ
ಭೂಪಾಲ

ತಾ.ಕ.: ಮೊದಲ ಗುಳಿಗೆ ಯಾರು ಕೊಟ್ಟರೆಂದು ಡಾಕ್ಟರು ಕೇಳಿದಾಗ ನೀನು ಹತ್ತರಗಿ ಧಾಬಾದ ಯಾರೋ ಡ್ರೈವರನ ಮೇಲೆ ಹಾಕಿದೆ, ನನ್ನ ಕಡೆ ನೋಡಲಿಲ್ಲ. ನಾನೂ ಸುಮ್ಮನೆ ಕುಳಿತೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಾರ, ನೀನು ಎಚ್ಚರವಿದ್ದು ಓದಲೆಂದು ಅದನ್ನು ಗೋಕಾಕದಿಂದ ತಂದವನು ನಾನು. ರಾತ್ರಿ ಏನನ್ನೂ ಸೇವಿಸದ ನಮ್ಮ ನಿಯಮ ಕೆಡಬಾರದೆಂದು ಹೊತ್ತು ಮುಳುಗುವ ಮೊದಲೇ ಹಾಲಿನೊಡನೆ ನುಂಗಿಸಿದವನೂ ನಾನು. ನನ್ನ ಮಾನಕ್ಕಾಗಿ ಇನ್ನು ಸುಳ್ಳು ಹೇಳಬೇಡ. ಬುಧವಾರ ಬಂದು ಡಾಕ್ಟರ ಎದುರು ನಾನೇ ಹೇಳುತ್ತೇನೆ. ಆಗ ನನ್ನ ಕಡೆ ನೋಡು.